ಏಳನೆಯ ಸಾಲಿನ ಮೇಲೆ ಒಂದು ಗೆರೆ

"ಮುಚ್ಚಿದ ರೆಪ್ಪೆ ಮೇಲೆ ಇಡ್ತೀನಿ. ಒಂದು ಕ್ಷಣ ಉಸಿರು ಹಿಡಿದು ಕೇಳಿ," ಎಂದು ಕಣ್ಣಿನ ಡಾಕ್ಟರಮ್ಮ ತನ್ನ ಸ್ಟೆತಸ್ಕೋಪನ್ನು ಇನ್‌ಸ್ಪೆಕ್ಟರಮ್ಮನ ಕಿವಿಗೆ ಸಿಕ್ಕಿಸಿದಳು.

ಇನ್‌ಸ್ಪೆಕ್ಟರಮ್ಮ ವಾರದ ರಜೆ ಕಂಡು ಹದಿನಾರು ದಿನವಾಗಿತ್ತು. ಬೂಟಿನೊಳಗೆ ಕಾಲು ಊದಿಕೊಂಡು, ನಿಂತರೆ ಕೂರುವ ಆಸೆ, ಕೂತರೆ ಮಲಗುವ ಆಸೆ ಎನ್ನುವಂತಾಗಿತ್ತು. ಮೊದಲು ಅವಳಿಗೆ ಕೇಳಿಸಿದ್ದು ತನ್ನದೇ ಎದೆಬಡಿತ. ಆಮೇಲೆ, ಅದರ ಆಚೆಯಿಂದ, ಇನ್ನೊಂದು ಸದ್ದು ಎದ್ದುಬಂತು. ಝುಂಯ್... ಝುಂಯ್... ಝುಂಯ್...

"ಇದೇನ್ರೀ ಡಾಕ್ಟ್ರೇ! ಕಣ್ಣೊಳಗೆ ಮಿಷನ್ ಓಡ್ತಿದೆ!"

"ಅವರೂ ಹಾಗೇ ಅಂದುಕೊಂಡಿದ್ರು ಪಾಪ."

ಹಾಸಿಗೆಯ ಮೇಲೆ ಅರೆಪ್ರಜ್ಞೆಯಲ್ಲಿ ಮಲಗಿದ್ದ ಐವತ್ತೈದರ ಹೆಂಗಸು ಅಚ್ಚುಕೂಟದ ಪ್ರೂಫ್ ರೀಡರ್. ಬೀದಿಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಅವಳು ಪ್ರೂಫಮ್ಮ. ಎಡಗಣ್ಣು ಉಬ್ಬಿ ಮುಂದಕ್ಕೆ ಬಂದಿತ್ತು, ರೆಪ್ಪೆ ಕೆಂಪಗೆ ಬಿಗಿದುಕೊಂಡಿತ್ತು. ಕುತ್ತಿಗೆಯ ಎಡಗಡೆ ನಾಲ್ಕು ಬೆರಳಿನ ನೀಲಿ ಕಲೆ.

ಆ ಕಲೆಗಳಿಂದಲೇ ಇಷ್ಟೆಲ್ಲ ರಾದ್ಧಾಂತ. ಮೊನ್ನೆ ಸಂಜೆ ಪ್ರೂಫಮ್ಮ ಮನೆಯಲ್ಲಿ ಕುರ್ಚಿಯಲ್ಲೇ ಎಚ್ಚರ ತಪ್ಪಿದ್ದಳು. ನಾದಿನಿ, ಅಂದರೆ ಪ್ರೂಫಮ್ಮನ ತಂಗಿ, ಅಕ್ಕನ ಕತ್ತು ಹಿಸುಕುವುದನ್ನು ಕಣ್ಣಾರೆ ಕಂಡೆನೆಂದು ಗಂಡ ದೂರು ಕೊಟ್ಟಿದ್ದ. ನಿನ್ನೆ ಸಂಜೆ ಠಾಣೆಗೆ ಕರೆತಂದಾಗ ತಂಗಿ "ಒತ್ತಿದ್ದು ನಾನೇ" ಎಂದವಳು ಆಮೇಲೆ ಬಾಯಿಗೆ ಬೀಗ ಜಡಿದುಕೊಂಡಿದ್ದಳು.

"ನಾನು ಎರಡು ದಿನ ಊರಲ್ಲಿರಲಿಲ್ಲ. ಬೆಳಿಗ್ಗೆ ಬಂದು ನೋಡ್ತೀನಿ, ನನ್ನ ಪೇಷೆಂಟು ಪೊಲೀಸ್ ಕೇಸಾಗಿ ಮಲಗಿದ್ದಾರೆ," ಎಂದಳು ಡಾಕ್ಟರಮ್ಮ. ಅವಳ ದನಿಯಲ್ಲೂ ನಿದ್ದೆ ಕಮ್ಮಿಯಾದವರ ಗೊಗ್ಗರು ಇತ್ತು. "ಕಣ್ಣಿನ ಹಿಂದೆ, ವಾಪಸ್ಸು ಹೋಗೋ ರಕ್ತ ಸೇರೋ ಒಂದು ಪುಟ್ಟ ಕೊಳ ಇದೆ. ಅದರ ಮಧ್ಯದಲ್ಲೇ ಮೆದುಳಿನ ಕಡೆ ಹೋಗೋ ದೊಡ್ಡ ರಕ್ತನಾಳ ಹಾದುಹೋಗುತ್ತೆ. ಅಕ್ಕಪಕ್ಕ ಇದ್ರೂ ಒಂದಕ್ಕೊಂದು ಬೆರೀಬಾರದು. ಇವರಲ್ಲಿ ಆ ಕಡೆಯ ಸಣ್ಣ ಕವಲುಗಳು ಕೊಳಕ್ಕೆ ಬಾಯಿ ತೆರೆದುಬಿಟ್ಟಿವೆ. ಆಗಬಾರದ ಸಂಬಂಧ ಆಗಿಹೋಗಿದೆ."

"ಆಗಬಾರದ ಸಂಬಂಧದ ಕೇಸು ನಮ್ಮ ಠಾಣೆಗೆ ದಿನಾ ಎರಡು ಬರುತ್ತೆ. ಮುಂದೆ ಹೇಳಿ."

ಡಾಕ್ಟರಮ್ಮನಿಗೆ ನಗು ಬಂತು. "ಆ ಒತ್ತಡಕ್ಕೆ ರಕ್ತ ಹಿಂದಕ್ಕೆ ತಿರುಗಿ ಕಣ್ಣಿಗೇ ನುಗ್ಗುತ್ತೆ. ಕಣ್ಣು ಕೆಂಪಾಗುತ್ತೆ, ಉಬ್ಬುತ್ತೆ, ಒಂದು ವಸ್ತು ಎರಡಾಗಿ ಕಾಣುತ್ತೆ. ಮೂರು ಕಡೆ ತೋರಿಸಿದ್ದಾರೆ. ಮೂವರೂ ಕಣ್ಣುಬೇನೆ ಅಂತ ಹನಿ ಬರೆದುಕೊಟ್ಟಿದ್ದಾರೆ. ಒಬ್ಬರಿಗಾದರೂ ರೆಪ್ಪೆ ಮೇಲೆ ಕಿವಿ ಇಡಬೇಕು ಅನ್ನಿಸಲಿಲ್ಲ."

"ಸದ್ದು ಇವರಿಗೆ ಕೇಳಿಸ್ತಿರಲಿಲ್ವಾ?"

"ಹಗಲೂ ರಾತ್ರಿ ಕೇಳಿಸ್ತಿತ್ತು. ಮೂವತ್ತು ವರ್ಷ ಅಚ್ಚಿನ ಮಿಷನ್ ಪಕ್ಕ ಕೂತವರು. ಅದರ ಸದ್ದೇ ತಲೆಗೆ ಹತ್ತಿಕೊಂಡಿದೆ ಅಂದ್ಕೊಂಡ್ರಂತೆ. ಒಂದ್ಸಲ ಬೆಲ್ಟು ಕಿತ್ತು ಮಿಷನ್ ಎರಡು ದಿನ ನಿಂತಿತು. ಸದ್ದು ನಿಲ್ಲಲಿಲ್ಲ. ಆಗ ಹೆದರಿ ನನ್ನ ಹತ್ತಿರ ಓಡಿಬಂದ್ರು. ರಕ್ತನಾಳಕ್ಕೆ ಔಷಧಿ ಬಿಟ್ಟು ಚಿತ್ರ ತೆಗೆಸಿದ್ವಿ. ಸ್ಪಷ್ಟವಾಗಿ ಸಿಕ್ಕಿತು."

"ಮದ್ದು?"

"ಇಂಥ ಸಣ್ಣ ಸೋರಿಕೆಗೆ ಮೊದಲು ಒತ್ತಿ ನೋಡ್ತೀವಿ. ಕುತ್ತಿಗೆಯ ಎಡಗಡೆ ನಾಡಿ ಸಿಗುತ್ತಲ್ಲ, ಅಲ್ಲಿ ಬೆರಳಿಟ್ಟು ಒತ್ತೋದು. ಮೊದಲು ಹತ್ತು ಎಣಿಸೋವಷ್ಟು, ಅಭ್ಯಾಸ ಆದಮೇಲೆ ಮೂವತ್ತು. ಗಂಟೆಗೆ ನಾಲ್ಕು ಸಲ. ರಕ್ತದ ರಭಸ ಇಳಿದರೆ ಎಷ್ಟೋ ಜನಕ್ಕೆ ಆ ತೂತು ತಾನಾಗೇ ಮುಚ್ಚಿಕೊಳ್ಳುತ್ತೆ."

ಇನ್‌ಸ್ಪೆಕ್ಟರಮ್ಮನ ನಿದ್ದೆ ಹಾರಿಹೋಯಿತು. "ಅಂದ್ರೆ ಈ ಬೆರಳಿನ ಕಲೆ..."

"ಚಿಕಿತ್ಸೆಯ ಕಲೆ ಇರಬಹುದು. ಆದ್ರೆ ಒಂದು ನಿಯಮ ಇದೆ. ಎಡಗಡೆ ಒತ್ತೋದಕ್ಕೆ ರೋಗಿಯದೇ ಬಲಗೈ ಬೇಕು. ಎಡಗಡೆಯ ನಾಳ ಒತ್ತಿ ಮೆದುಳಿಗೆ ರಕ್ತ ಸಾಲದೆ ಹೋದರೆ, ಮೊದಲು ಸೋಲೋದು ಆ ಬಲಗೈಯೇ. ತಾನಾಗಿ ಜಾರಿ ಬೀಳುತ್ತೆ, ಜೀವ ಉಳಿಯುತ್ತೆ. ಬೇರೆಯವರ ಕೈ ಆದರೆ ಜಾರಲ್ಲ, ಒತ್ತುತ್ತಲೇ ಇರುತ್ತೆ. ಇವರಿಗೆ ಆಗಿರೋದು ಅದೇ."

ಇಷ್ಟೆಲ್ಲ ಬರೆದ ಒಂದು ಹಾಳೆಯನ್ನು ಆಸ್ಪತ್ರೆಯವರು ರೋಗಿಗೆ ಕೊಟ್ಟಿದ್ದರಂತೆ. ಇನ್‌ಸ್ಪೆಕ್ಟರಮ್ಮ ಕಡತ ಬಿಚ್ಚಿದಳು. ಕುರ್ಚಿಯ ಪಕ್ಕ ಸಿಕ್ಕ ಕಾಗದಗಳಲ್ಲಿ ಅದೂ ಇತ್ತು. ಮೈಯೆಲ್ಲ ಕೆಂಪು ಶಾಯಿ ಬಳಿದುಕೊಂಡಿದ್ದ ಅದನ್ನು ಠಾಣೆಯವರು ಪ್ರೆಸ್ಸಿನ ರದ್ದಿ ಎಂದು ಮೂಲೆಗೆ ತಳ್ಳಿದ್ದರು.

"ಅಯ್ಯೋ ರಾಮ! ನಮ್ಮ ಆಸ್ಪತ್ರೆ ಹಾಳೆಯನ್ನೂ ಬಿಟ್ಟಿಲ್ಲ, ತಿದ್ದಿ ಇಟ್ಟಿದ್ದಾರೆ," ಎಂದು ಡಾಕ್ಟರಮ್ಮ ನಗುತ್ತಲೇ ಓದಿದಳು. ಏಳನೆಯ ಸಾಲಿಗೆ ಬಂದಾಗ ಅವಳ ನಗು ಆರಿತು. ಸಾಲಿನ ಉದ್ದಕ್ಕೂ ಕೆಂಪು ಗೆರೆ ಎಳೆದಿತ್ತು. ಗೆರೆಯ ಅಡಿಯಲ್ಲಿದ್ದ ಮಾತು ಇದು: ರೋಗಿಯ ಸ್ವಂತ ಕೈಯೇ ಒತ್ತಬೇಕು, ಮನೆಯವರು ಒತ್ತಕೂಡದು.

"ಇದನ್ನ ಯಾರು ಹೊಡೆದು ಹಾಕಿದ್ದು?"

ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ಮಡಿಸಿ ಕಡತಕ್ಕೆ ಸೇರಿಸಿದಳು.

ಡಾಕ್ಟರಮ್ಮ ಗಡಿಯಾರ ನೋಡಿದಳು. ಒಂದೂಕಾಲು. "ನೀವು ಪತ್ತೆ ಮಾಡ್ತಾ ಇರಿ. ನನಗೆ ಅವಸರ ಇದೆ. ಕಣ್ಣಿನ ಒತ್ತಡ ಏರ್ತಾ ಇದೆ, ಮೆದುಳಿನ ಕಡೆಯ ನಾಳಗಳೂ ಉಬ್ಬಿವೆ. ಒಡೆದರೆ ಮುಗೀತು. ತೊಡೆಯಿಂದ ಕೂದಲಿನಂಥ ಕೊಳವೆ ಏರಿಸಿ, ಆ ಕೊಳದೊಳಗೆ ತಂತಿಯ ಸುರುಳಿ ತುಂಬಿ ಮುಚ್ಚಬೇಕು. ಆ ಕೆಲಸದ ಡಾಕ್ಟರು ಬಂದಿದ್ದಾರೆ, ಐದು ಗಂಟೆವರೆಗೆ ಮಾತ್ರ ಇರ್ತಾರೆ. ಮನೆಯವರ ಸಹಿ ಬೇಕು. ಗಂಡ ಬೆಳಿಗ್ಗೆಯಿಂದ ‘ನೋಡೋಣ, ನೋಡೋಣ’ ಅಂತಿದ್ದಾರೆ."

"ತಂಗಿ ಹಾಕಿದ್ರೆ?"

"ಅಕ್ಕನ್ನ ಕೊಲ್ಲೋಕೆ ಹೋದಳು ಅಂತ ನೀವೇ ಒಳಗೆ ಕೂರಿಸಿದ್ದೀರಿ. ಅವಳ ಸಹಿ ನಮ್ಮವರು ತಗೊಳ್ತಾರಾ? ಕೇಸು ಬಿದ್ದುಹೋದರೆ ತಗೊಳ್ಳಬಹುದು."

ಕೇಸು ಹಾಕಿದ್ದು ತಾನೇ. ಮನಸ್ಸಿನಲ್ಲೇ ತನ್ನನ್ನು ಬೈದುಕೊಳ್ಳುತ್ತ ಇನ್‌ಸ್ಪೆಕ್ಟರಮ್ಮ ಮೆಟ್ಟಿಲಿಳಿದಳು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಬಾಗಿಲಲ್ಲೇ ಸಿಕ್ಕ. ಕೈಗಡಿಯಾರವನ್ನು ಸದಾ ಕಿವಿಗಿಟ್ಟು ಅಲ್ಲಾಡಿಸುವ ಅವನಿಗೆ ಎಲ್ಲರೂ ಇಟ್ಟ ಹೆಸರು ಗಡಿಯಾರ.

"ಮೇಡಂ, ಆಯಮ್ಮನ್ನ ಮೂರೂವರೆಗೆ ಕೋರ್ಟಿಗೆ ಹಾಜರು ಮಾಡಬೇಕು."

"ಗೊತ್ತು ಕಣಯ್ಯಾ. ಅದಕ್ಕೆ ಮುಂಚೆ ಅವಳ ಹತ್ತಿರ ಮಾತಾಡಬೇಕು."

ತಂಗಿ ಶಿಶುವಿಹಾರದಲ್ಲಿ ಆಯಾ. ಬೆಂಚಿನ ತುದಿಯಲ್ಲಿ, ಮಕ್ಕಳನ್ನು ಕೂರಿಸುವಂತೆ ತನ್ನನ್ನೇ ತಾನು ಕೈಕಟ್ಟಿ ಕೂರಿಸಿಕೊಂಡಿದ್ದಳು. ತಟ್ಟೆಯ ಊಟ ಹಾಗೇ ಆರಿತ್ತು.

ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ಅವಳ ಮುಂದಿಟ್ಟಳು. "ಇದನ್ನ ಓದಿದ್ದೀಯಾ?"

ತಂಗಿಯ ಮುಖ ಬಿಳಿಚಿಕೊಂಡಿತು. "ದಿನಾ ನಾನೇ ಅಕ್ಕನಿಗೆ ಓದಿ ಹೇಳ್ತಿದ್ದೆ. ಅವಳಿಗೆ ಸಾಲು ಒಂದರ ಮೇಲೊಂದು ಎರಡೆರಡು ಕಾಣ್ತಿತ್ತು."

"ಏಳನೇ ಸಾಲು?"

"ಹೊಡೆದು ಹಾಕಿತ್ತಲ್ಲ. ಅದನ್ನ ಓದ್ತಿರಲಿಲ್ಲ."

"ಯಾಕಮ್ಮ ಒತ್ತೋದಕ್ಕೆ ಹೋದೆ?"

ತಂಗಿ ಕಟ್ಟೆ ಒಡೆದಂತೆ ಮಾತಾಡಿದಳು. "ಗಂಟೆಗೆ ನಾಲ್ಕು ಸಲ ಮೇಡಂ. ಬಲಗೈಯಲ್ಲಿ ಒತ್ತಬೇಕು, ಬಲಗೈಯಲ್ಲೇ ಪೆನ್ನು ಹಿಡೀಬೇಕು. ಒಂದು ಕಣ್ಣು ಮುಚ್ಚಿಕೊಂಡಾದರೂ ಓದ್ತೀನಿ, ಕೆಲಸ ಬಿಡಲ್ಲ ಅಂತ ಹಟ. ಕೈ ನಡುಗೋದು ನೋಡೋಕಾಗದೆ ನಾನು ಒತ್ತಿಕೊಡ್ತೀನಿ ಅಂದೆ. ಬೇಡ, ಬೇರೆಯವರು ಒತ್ತಬಾರದಂತೆ ಅಂದ್ಲು. ಆ ಸಾಲನ್ನ ನೀನೇ ಹೊಡೆದು ಹಾಕಿದ್ದೀಯಲ್ಲೇ ಅಕ್ಕ ಅಂತ ತೋರಿಸಿದೆ. ಕಾಗದ ಹತ್ತಿರ ಹಿಡಿದು ನೋಡಿದ್ಲು. ‘ಶಾಯಿ ನಂದೇ. ನಾನೇ ಹೊಡೆದಿದ್ರೆ ಡಾಕ್ಟರನ್ನ ಕೇಳಿಯೇ ಹೊಡೆದಿರ್ತೀನಿ, ಒತ್ತು’ ಅಂದ್ಲು."

ಇನ್‌ಸ್ಪೆಕ್ಟರಮ್ಮ ಹಣೆ ಒತ್ತಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಮತ್ತೊಮ್ಮೆ ಡಾಕ್ಟರನ್ನು ಕೇಳುತ್ತಿದ್ದರು. ಊರಿಗೆಲ್ಲ ತಪ್ಪು ತೋರಿಸಿಕೊಟ್ಟವಳು ತನ್ನ ಕೆಂಪು ಶಾಯಿಯನ್ನು ಮಾತ್ರ ಕಣ್ಣು ಮುಚ್ಚಿ ನಂಬಿದ್ದಳು.

"ಇದನ್ನೆಲ್ಲ ನಿನ್ನೆಯೇ ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ರೆ ಏನಾಗುತ್ತೆ? ಪ್ರೂಫಮ್ಮ ತಪ್ಪಾಗಿ ತಿದ್ದಿ ತನ್ನ ಕತ್ತು ತಾನೇ ಕೊಯ್ದುಕೊಂಡ್ಲು ಅಂತ ಊರೆಲ್ಲ ಆಡಿಕೊಂಡು ನಗುತ್ತೆ. ಅವಳಿಗೆ ಮಕ್ಕಳಿಲ್ಲ, ಮರಿಯಿಲ್ಲ. ಇರೋದು ಅದೊಂದೇ ಹೆಸರು. ಅಪ್ಪ ಹೋದಮೇಲೆ ನನ್ನನ್ನ ಸಾಕಿದ್ದು ಆ ಪೆನ್ನು ಮೇಡಂ."

"ಹೆಸರು ಉಳಿಸೋಕೆ ಹೋಗಿ ಜೈಲು ಸೇರ್ತೀಯಾ? ಅಕ್ಕನಿಗೆ ಇವತ್ತೇ ಚಿಕಿತ್ಸೆ ಆಗಬೇಕು. ನಿನ್ನ ಸಹಿ ಬೇಕಾಗಬಹುದು. ಕೋರ್ಟಲ್ಲಿ ಇದ್ದದ್ದು ಇದ್ದ ಹಾಗೆ ಹೇಳು. ಗೆರೆ ಎಳೆದಿದ್ದು ಅಕ್ಕ, ತಪ್ಪಾಗಿದ್ದು ಅಕ್ಕನಿಂದ ಅಂತ ಹೇಳು. ಮಿಕ್ಕಿದ್ದು ನನಗೆ ಬಿಡು."

"ತಪ್ಪು ಅಕ್ಕನದು ಅಂತ ನಾನೇ ಹೇಳಬೇಕಾ?"

"ಹೌದಮ್ಮ, ನೀನೇ."

ತಂಗಿ ತಲೆ ತಗ್ಗಿಸಿದಳು. ಒಪ್ಪಿದಳು ಎಂದುಕೊಂಡು ಇನ್‌ಸ್ಪೆಕ್ಟರಮ್ಮ ಎದ್ದಳು. ಹದಿನಾರು ದಿನದ ಸುಸ್ತಿನಲ್ಲಿ ಎದುರಿನವರ ಮೌನವನ್ನು ತನಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುವುದು ಸುಲಭ.

ತಂಗಿಯನ್ನು ಗಡಿಯಾರನ ಜೊತೆ ಕೋರ್ಟಿಗೆ ಕಳಿಸಿ ಅವಳು ಅಚ್ಚುಕೂಟ ತಲುಪುವಾಗ ನಾಲ್ಕು ಹೊಡೆಯಲು ಐದು ನಿಮಿಷ. ಮಿಷನ್ನು ನೆಲವನ್ನೇ ನಡುಗಿಸುತ್ತ ಓಡುತ್ತಿತ್ತು. ಶಾಯಿ, ಸೀಮೆಎಣ್ಣೆ, ಒದ್ದೆ ಕಾಗದದ ವಾಸನೆ. ಪ್ರೂಫಮ್ಮನ ಗಂಡ ಅಲ್ಲಿ ಫೋರ್‌ಮನ್. ಅವನು ಸನ್ನೆ ಮಾಡಿದೊಡನೆ ಆಳು ಮಿಷನ್ ನಿಲ್ಲಿಸಿ ಹೊರಗೆ ನಡೆದ. ಗಾಜಿನ ಕೋಣೆಯಲ್ಲಿ ಇಬ್ಬರೇ ಉಳಿದರು.

"ಸಹಿ ಕೇಳೋಕೆ ಬಂದಿದ್ದೀರಾ ಮೇಡಂ? ಇನ್ನೊಬ್ಬ ಡಾಕ್ಟರನ್ನೂ ಒಂದು ಮಾತು ಕೇಳೋಣ ಅಂತ..."

"ಅದಿರಲಿ. ನಿಮ್ಮ ಕಸುಬಿನ ವಿಷಯ ಒಂದು ಹೇಳಿಕೊಡಿ. ಪ್ರೂಫಲ್ಲಿ ಒಂದು ಸಾಲು ಬೇಡ ಅಂದ್ರೆ ಹೇಗೆ ತೆಗೀತಾರೆ?"

ಕಸುಬಿನ ಮಾತು ಬಂದರೆ ಯಾರಿಗಾದರೂ ನಾಲಗೆ ಸಡಿಲವಾಗುತ್ತದೆ. ಫೋರ್‌ಮನ್ ಕೂಡಾ ಹಾಗೆಯೇ ನಿರಾಳವಾದ. "ಎರಡು ಕೆಲಸ ಮಾಡಬೇಕು. ಸಾಲಿನ ಮೇಲೆ ಗೆರೆ, ಅಂಚಿನಲ್ಲಿ ಗುರುತು. ನಾವು ಮೊದಲು ನೋಡೋದೇ ಅಂಚು. ಅಲ್ಲಿ ಗುರುತಿಲ್ಲದ ಗೆರೆಯನ್ನ ನಾವು ಮುಟ್ಟೋದೇ ಇಲ್ಲ."

ಇನ್‌ಸ್ಪೆಕ್ಟರಮ್ಮ ಹಾಳೆಯನ್ನು ಮೇಜಿನ ಮೇಲೆ ಹರವಿದಳು. "ಹಾಗಾದ್ರೆ ಇದು ಏನು?"

"ಅದಾ? ಅವಳು ತೆಗೆಯೋಕೆ ಹೊರಟಿದ್ದು ಎಂಟನೇ ಸಾಲು. ‘ಕೂತೇ ಒತ್ತಿ’ ಅಂತ ಎರಡನೇ ಸಾಲಲ್ಲೇ ಇತ್ತು, ಎಂಟರಲ್ಲಿ ಮತ್ತೆ ಬಂದಿತ್ತು. ಗುರುತು ಎಂಟಕ್ಕೇ ಇದೆ. ಸಾಲು ಎರಡೆರಡು ಕಾಣ್ತಿದ್ದದ್ದಕ್ಕೆ ಗೆರೆ ಒಂದು ಸಾಲು ಮೇಲೆ ಬಿದ್ದು ಏಳಕ್ಕೆ ಹೋಯ್ತು."

ಇನ್‌ಸ್ಪೆಕ್ಟರಮ್ಮ ಬಗ್ಗಿ ನೋಡಿದಳು. ಹೌದು, ಅಂಚಿನ ಕೆಂಪು ಗುರುತು ಎಂಟನೆಯ ಸಾಲಿನ ಎದುರಿಗಿತ್ತು. ಪ್ರೂಫಮ್ಮನ ಬುದ್ಧಿ ತಪ್ಪಿರಲಿಲ್ಲ, ತಪ್ಪಿದ್ದು ಕಣ್ಣು. ಅದೂ ರೋಗದ ಕಣ್ಣು. ತಂಗಿ ಯಾರ ಹೆಸರಿಗೂ ಮಸಿ ಬಳಿಯಬೇಕಾಗಿರಲಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಎದೆಯ ಭಾರ ಇಳಿದಂತಾಯಿತು.

ಇಳಿದದ್ದು ಅರೆಗಳಿಗೆ ಮಾತ್ರ. ಫೋರ್‌ಮನ್ನನ ದಪ್ಪ ಕನ್ನಡಕ ಮೇಜಿನ ಆ ತುದಿಯಲ್ಲಿತ್ತು. ಮೊನ್ನೆ ದೂರಿಗೆ ಸಹಿ ಹಾಕುವಾಗ ಅದಿಲ್ಲದೆ ತನ್ನ ಹೆಸರನ್ನೇ ಓದಲಾರದೆ ತಡಕಾಡಿದ್ದ ಮನುಷ್ಯ. ಈಗ ಹಾಳೆಯ ಕಡೆ ಕಣ್ಣು ಹಾಯಿಸದೆ ಎಲ್ಲವನ್ನೂ ಪಾಠದಂತೆ ಒಪ್ಪಿಸಿದ್ದ.

"ಕನ್ನಡಕ ಹಾಕಿಕೊಳ್ಳಲೇ ಇಲ್ವಲ್ಲ ನೀವು?"

ಅವನ ಕೈ ಮೇಜಿನ ಕಡೆ ಹೊರಟು ಅರ್ಧದಲ್ಲೇ ನಿಂತಿತು.

"ದೂರು ಕೊಡೋವಾಗ ಚಿಕಿತ್ಸೆಯ ತಲೆಬುಡ ಗೊತ್ತಿಲ್ಲ, ಕಣ್ಣಿಗೆ ಹನಿ ಹಾಕ್ತಾರೆ ಅನ್ನೋದಷ್ಟೇ ಗೊತ್ತು ಅಂದಿದ್ರಿ. ಈ ಹಾಳೆ ಬಾಯಿಪಾಠ ಆಗಿದೆ. ಇನ್ನೊಂದು ಮಾತು. ನಾದಿನಿ ಎಷ್ಟು ಹೊತ್ತು ಕತ್ತು ಹಿಡಿದಿದ್ದಳು ಅಂತ ಕೇಳಿದಾಗ, ಮೂವತ್ತು ಎಣಿಸೋವಷ್ಟು ಅಂದ್ರಿ. ಹೆಂಡತಿಯ ಕೊಲೆ ನೋಡ್ತಾ ನಿಂತವನು ಎಣಿಸ್ತಾನೇನ್ರೀ?"

ಫೋರ್‌ಮನ್ ಕುರ್ಚಿಯಲ್ಲಿ ಕುಸಿದು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. ಅಳಲಿಲ್ಲ, ಸಿಟ್ಟಾಗಲಿಲ್ಲ.

"ಗೆರೆ ತಪ್ಪಿರೋದು ಹೋದ ವಾರವೇ ಕಂಡಿತ್ತು," ಎಂದ. "ಹೇಳಬೇಕು ಅಂದ್ಕೊಂಡೆ. ಹೇಳಿದ್ರೆ ನಿನಗೇನು ಗೊತ್ತು ಅಂತಾಳೆ, ಜಗಳ ಆಗುತ್ತೆ. ನಾಳೆ ಹೇಳಿದ್ರಾಯ್ತು ಅಂತ ಬಿಟ್ಟೆ. ಐದು ತಿಂಗಳು ಮೇಡಂ. ಸದ್ದು, ಸದ್ದು, ಸದ್ದು ಅಂತ ರಾತ್ರಿ ಪೂರ್ತಿ ಎದ್ದು ಕೂರೋಳು. ಹಗಲು ಇಲ್ಲಿ ಮಿಷನ್ನು, ಅಲ್ಲಿ ಅವಳು. ಎಲ್ಲೂ ಒಂದು ನಿಮಿಷ ಸುಮ್ಮನಿಲ್ಲ. ಮೊನ್ನೆ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಎಣಿಸ್ತಾ ಇದ್ದೆ. ಹತ್ತಾಗೋದ್ರೊಳಗೆ ಅವಳ ಬಲಗೈ ಮಡಿಲಿಂದ ಜೋತುಬಿತ್ತು, ಪೆನ್ನು ನೆಲಕ್ಕೆ ಉರುಳ್ತು. ಹಿಂದೆ ನಿಂತಿದ್ದ ನಾದಿನಿಗೆ ಅದು ಕಾಣಲಿಲ್ಲ. ನನಗೆ ಕಾಣ್ತು. ಕೂಗಬೇಕಿತ್ತು."

"ಕೂಗಲಿಲ್ಲ."

"ಮನೆ ಸುಮ್ಮನಾಯ್ತಲ್ಲ ಅನ್ನಿಸ್ತು. ಮೂವತ್ತಾಗೋವರೆಗೂ ನಿಂತೇ ಇದ್ದೆ. ಯಾಕೆ ತಡೀಲಿಲ್ಲ ಅಂತ ನನ್ನನ್ನ ಕೇಳೋ ಮೊದಲೇ ನಾದಿನಿ ಮೇಲೆ ದೂರು ಕೊಟ್ಟೆ."

ಇನ್‌ಸ್ಪೆಕ್ಟರಮ್ಮನಿಗೆ ಅವನ ಮೇಲೆ ಬರಬೇಕಾದ ಸಿಟ್ಟಿನ ಜೊತೆಗೆ ಇನ್ನೊಂದು ಬಂತು. ಅವನ ಆ ಸುಸ್ತು ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಅದಕ್ಕೇ ಅವನ ಮುಖ ನೋಡುವುದು ಇನ್ನೂ ಕಷ್ಟವಾಯಿತು. ಆಸ್ಪತ್ರೆಯ ಒಪ್ಪಿಗೆ ಪತ್ರವನ್ನು ತೆಗೆದು ಮುಂದಿಟ್ಟಳು. "ನಿಂತಿದ್ದಕ್ಕೆ ಏನು ಶಿಕ್ಷೆ ಅಂತ ಕೋರ್ಟು ನೋಡುತ್ತೆ. ಮೊದಲು ಇಲ್ಲಿ ಸಹಿ ಹಾಕಿ. ಐದರೊಳಗೆ ತಲುಪಬೇಕು."

ಅವನು ಪೆನ್ನು ತೆಗೆದುಕೊಂಡ. ಕನ್ನಡಕ ಹಾಕಿಕೊಂಡ. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದ. ಆಮೇಲೆ ಪೆನ್ನನ್ನು ಹಾಳೆಯ ಮೇಲೆ ಅಡ್ಡಡ್ಡ ಇಟ್ಟುಬಿಟ್ಟ.

"ಈಗ ಹೇಳಿದ್ದು ನಮ್ಮಿಬ್ಬರ ಮಧ್ಯೆ ಇರಲಿ ಮೇಡಂ. ದೂರು ವಾಪಸ್ ತಗೊಳ್ತೀನಿ, ಗೆರೆ ಕಣ್ತಪ್ಪಿನಿಂದ ಬಿತ್ತು ಅಂತೀನಿ, ನಾದಿನಿ ಮನೆಗೆ ಹೋಗಲಿ. ಗೊತ್ತಿದ್ದೂ ನಾನು ಬಾಗಿಲಲ್ಲಿ ಎಣಿಸ್ತಾ ನಿಂತಿದ್ದು ಮಾತ್ರ ಕಡತಕ್ಕೆ ಹೋಗಬಾರದು. ಹ್ಞೂಂ ಅನ್ನಿ, ಸಹಿ ಹಾಕ್ತೀನಿ."

"ಹೆಂಡತಿಯ ಜೀವ ಇಟ್ಟುಕೊಂಡು ಚೌಕಾಸಿ ಮಾಡ್ತಿದ್ದೀಯಾ?" ಇನ್‌ಸ್ಪೆಕ್ಟರಮ್ಮನ ಬಾಯಲ್ಲಿ ಬಹುವಚನ ಉದುರಿಹೋಯಿತು.

"ಅವಳು ಎದ್ದರೆ ನಾಳೆ ನಾನು ಅವಳ ಮುಖ ನೋಡಬೇಕಲ್ಲ ಮೇಡಂ. ಕಡತದಲ್ಲಿದ್ದರೆ ಅವಳು ಓದೇ ಓದ್ತಾಳೆ."

ಇನ್‌ಸ್ಪೆಕ್ಟರಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಇವನ ಹಂಗು ಯಾಕೆ? ಗೆರೆಯ ವಿಷಯ ಬಗೆಹರಿದಿತ್ತು. ತಂಗಿಯ ಮೇಲಿನ ಆಪಾದನೆ ನಿಲ್ಲುವುದಿಲ್ಲವೆಂದು ಕೋರ್ಟಿಗೆ ಒಂದು ಮಾತು ಹೇಳಿ, ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರೆ ಸಹಿಗೆ ಸಹಿಯೂ ಆಯಿತು, ಅವಳ ಬಿಡುಗಡೆಯೂ ಆಯಿತು. ನಾಲ್ಕೂ ಹತ್ತು. ಹೊತ್ತು ಇನ್ನೂ ಇತ್ತು. ಅವಳು ಫೋನ್ ತೆಗೆದು ಗಡಿಯಾರನಿಗೆ ಹಚ್ಚಿದಳು.

"ಎಲ್ಲಿದ್ದೀಯಯ್ಯಾ? ಆ ತಂಗಿಯನ್ನ ಅಲ್ಲೇ ನಿಲ್ಲಿಸಿಕೋ, ನಾನು ಬರ್ತಾ ಇದ್ದೀನಿ."

ಆ ಕಡೆ ಗಡಿಯಾರ ದನಿ ತಗ್ಗಿಸಿದ.

"ಮೇಡಂ, ನೀವು ಹೇಳಿಕೊಟ್ಟಿದ್ದನ್ನ ಆಯಮ್ಮ ಹೇಳಲೇ ಇಲ್ಲ. ಗೆರೆ, ಕಾಗದ ಒಂದನ್ನೂ ಎತ್ತಲಿಲ್ಲ. ಅಕ್ಕನ್ನ ಕೊಲ್ಲಬೇಕು ಅಂತಲೇ ಕತ್ತು ಒತ್ತಿದೆ, ಅಕ್ಕನದೇನೂ ತಪ್ಪಿಲ್ಲ ಅಂತ ಜಡ್ಜ್ ಮುಂದೆ ಹೇಳಿ, ಹೇಳಿಕೆಗೆ ಸಹಿ ಹಾಕಿಬಿಟ್ಟಳು. ಜಡ್ಜು ಮೂರು ಸಲ ಕೇಳಿದ್ರು ಮೇಡಂ. ಮೂರು ಸಲವೂ ಅದೇ. ಈಗ ಜೈಲಿನ ವ್ಯಾನ್ ಹತ್ತಿಸ್ತಾ ಇದ್ದಾರೆ."

ಮಿಷನ್ ನಿಂತಿದ್ದ ಆ ಕೋಣೆಯಲ್ಲಿ ಫೋನಿನ ಮಾತು ಇಬ್ಬರಿಗೂ ಕೇಳಿಸಿತ್ತು. ಫೋರ್‌ಮನ್ ಪೆನ್ನನ್ನು ಮತ್ತೆ ಎತ್ತಿಕೊಂಡು, ಒಪ್ಪಿಗೆ ಪತ್ರವನ್ನು ತನ್ನ ಕಡೆ ಎಳೆದುಕೊಂಡ.

"ಇನ್ನು ಸಹಿ ಹಾಕೋನು ನಾನೊಬ್ಬನೇ ಮೇಡಂ," ಎಂದ. "ನೀವು ಇನ್ನೂ ಹ್ಞೂಂ ಅಂದಿಲ್ಲ."